ಕಬ್ಬಣ ಕೊಯ್ರಿ, ಮುಚ್ಚಳ ಅಷ್ಟ ಬಿಡ್ರಿ

ಅಕ್ಕಾರ, ವೈನ್ಯಾರ, ಹೋದ ಸರ್ತೆ ಬದ್ನಿಕಾಯಿ ಎಣಗಾಯಿ ಬರದಿದ್ದೆ. ಈ ಸರ್ತೆ ಅಡಗಿಮನಿ ಬಿಟ್ಟು ಹಿತ್ತಲಕ್ಕ ಬರ್ರಿ. ಟ್ರ್ಯಾಕ್ಟರ್ ಇದ್ದವರ ಹಿತ್ತಲದಾಗ ಈಗ ಒಂದು ವೆಲ್ಡಿಂಗ್ ಮಷಿನ್ನು, ಒಂದು ಗ್ರೈಂಡರ್ ಇರೋದು ಸಾಮಾನ್ಯ ಆಗೈತಿ. ಹಿಟ್ಟು ರುಬ್ಬೋ ಗ್ರೈಂಡರ್ ಅಲ್ಲ, ಕಬ್ಬಣ ಕೊಯ್ಯೋದು. ನಮ್ಮನ್ಯಾಗೂ ಐತಿ. ಅದು ಗಂಡಸರ ಕೆಲಸ, ನಮಗ್ಯಾಕ ಅಂತೀರಿ ನೀವು. ನಾ ಒಪ್ಪಂಗಿಲ್ಲ. ಕೊಯ್ಯೋರು ಅವರು ಖರೆ, ಆದ್ರ ಕೊಯ್ದು ಮಾಡಿದ ಸಾಮಾನಿನ ಮಗ್ಗಲಕ ನಿಂತು ದುಡಿಯೋರು ನಾವು.

ಮೊದಲ ಹೇಳಿಬಿಡ್ತೀನಿ, ನಾ ಈ ಕೆಲಸಾ ಬ್ಯಾಡ ಅನ್ನಾಕಿ ಅಲ್ಲ. ಅಂಗಡಿಯಿಂದ ತಂದ 9 ಹಲ್ಲಿನ ಕಲ್ಟಿವೇಟರ್ ಎರಿ ಹೊಲಾ ಹರಗಾಕ ಚಲೋ. ಆದ್ರ ಅದು ಇದ್ದಂಗ ಹತ್ತಿ ಸಾಲಿನ ನಡುವ ಎಡಿ ಹೊಡಿಯಾಕ ಬರಂಗಿಲ್ಲ. ಒಬ್ಬರು ಮೂರು ಫೂಟಿಗೆ ಸಾಲು ಬಿಟ್ಟಿರತಾರ, ಇನ್ನೊಬ್ಬರು ನಾಕಕ್ಕ. ಬ್ಯಾಡಾದ ಹಲ್ಲು ಬಿಚ್ಚಿ, ಉಳಿದದ್ದನ್ನ ಸರಿಸಿ, ಕೆಳಗ ಕುಂಟಿ ಕುಡ ಜೋಡಿಸಿದ್ರ ನಮ್ಮ ಸಾಲಿಗೆ ನಮ್ಮ ಕುಂಟಿ ಆತು. ನಮ್ಮ ಅಜ್ಜಾರ ಕಾಲಕ್ಕ ಬಡಿಗ್ಯಾರು, ಕಮ್ಮಾರರು ಇದನ್ನ ಮಾಡಿಕೊಟ್ಟು ಸುಗ್ಗ್ಯಾಗ ಆಯ ಒಯ್ತಿದ್ರು. ಹೊಲಕ್ಕ ತಕ್ಕಂಗ ಸಾಮಾನು ತಿದ್ದೋದು ಹೊಸಾದೇನಲ್ಲ.

ಇದ್ರಾಗ ನಮ್ಮ ಕೈನೂ ಐತಿ. ಲಾರಿ ಕಮಾನ್ ಪಟ್ಟಿ ಕೊಯ್ದು ಕುಡ ಮಾಡ್ತಾರ. ಆ ಉಕ್ಕು ಗಟ್ಟಿ, ಲಗೂನ ಸವಿಯಂಗಿಲ್ಲ. ಆದ್ರ ವೆಲ್ಡಿಂಗ್ ಆದ ಕೂಡ್ಲೆ ಕೊಡಾ ನೀರು ಸುರದ್ರ, ಬೆಸಿಗಿ ಹಾಕಿದ ಮಗ್ಗಲ ಗಾಜಿನಂಗ ಪೆಡಸಾಗಿ, ಹೊಲದಾಗ ಮೊದಲನೇ ಕಲ್ಲಿಗೇ ಪಟ್ ಅಂತೈತಿ. ಹಿತ್ತಲದಿಂದ ನೀರು ಕೇಳಿದ್ರ ಕೊಡಬ್ಯಾಡ್ರಿ, ಒಲಿ ಬೂದಿ ಕೊಡ್ರಿ. ಒಣಾ ಬೂದ್ಯಾಗ ಹುಗಿದಿಟ್ರ ನಿಧಾನಕ್ಕ ಆರತೈತಿ. ಗ್ಯಾಸ್ ಬಂದ ಮ್ಯಾಲೂ ನೀರೊಲಿ ಉಳಿಸಿಕೊಂಡದ್ದಕ್ಕ ಇದೊಂದು ಲಾಭ.

ನನ್ನ ತಕರಾರು ಒಂದ. ಅಡ್ಡ ಬರತೈತಿ ಅಂತ ಮುಚ್ಚಳ ತಗಿಯೋದು.

ಗ್ರೈಂಡರ್‌ದ್ದ ನೋಡ್ರಿ. 4 ಇಂಚಿನ ಗ್ರೈಂಡರ್ ಮಿನಿಟಿಗೆ ಸುಮಾರು 11,000 ಸುತ್ತು ತಿರಗತೈತಿ. ದಪ್ಪ ಪಟ್ಟಿಗೆ ಸಣ್ಣ ಚಕ್ರ ಸಾಲಂಗಿಲ್ಲಂತ ಮುಚ್ಚಳ ಬಿಚ್ಚಿ, ದೊಡ್ಡ ಮಷಿನ್ನಿನ 7 ಇಂಚಿನ ಚಕ್ರ ಹೆಂಗರ ಮಾಡಿ ಕೂಡಸ್ತಾರ. ಆ ಚಕ್ರದ ಮ್ಯಾಲೇ ಬರದಿರತೈತಿ, ಸುಮಾರು 8,500 ಸುತ್ತು ದಾಟಸಬಾರದಂತ. ಒಡದ್ರ ಅದರ ಚೂರು ತಾಸಿಗೆ 300 ಕಿಲೋಮೀಟರ್ ಮೀರಿದ ಜೋರಿನ್ಯಾಗ ಹಾರತೈತಿ. ಮುಚ್ಚಳ ಇಟ್ಟಿದ್ದು ಆ ಚೂರು ತಡಿಯಾಕ. ಇನ್ನ ಚಕ್ರದ ನಡುವಿನ ತಗಡಿನ ಬಳಿ ಮ್ಯಾಲೆ ತಿಂಗಳು, ವರ್ಷ ಒತ್ತಿರತಾರ. ಅವಧಿ ಮುಗದ ಮಸಾಲಿ ಪಾಕೀಟು ಒಗಿತೀವಿ, ಇದನ್ನೂ ಒಗಿಬೇಕು. ನಮ್ಮನ್ಯಾಗ ಅದನ್ನ ಓದಿ ನೋಡಾಕಿ ನಾನ. ಪಿಯುಸಿ ಓದಿದ್ದು ಇಷ್ಟಕ್ಕರ ಬರ್ಲಿ.

ಇದಕ್ಕಿಂತ ಸಿಟ್ಟು ಬರೋದು ರಾಶಿ ಮಷಿನ್ನಿನ ವಿಷಯಕ್ಕ. ಟ್ರ್ಯಾಕ್ಟರ್ ಹಿಂದಿನಿಂದ ರಾಶಿ ಮಷಿನ್ನಿಗೆ ತಿರಗೋ ರಾಡು ಹೋಗತೈತಲ್ಲ, ಪಿಟಿಓ ಶಾಫ್ಟ್ ಅಂತಾರ, ಅದಕ್ಕ ಪ್ಲಾಸ್ಟಿಕ್ ಕೊಳವಿ ಹಾಕಿರತಾರ. ಟ್ರ್ಯಾಕ್ಟರ್ ಕಡೆ ಮ್ಯಾಲೊಂದು ತಗಡಿನ ಮುಚ್ಚಳ. ಗ್ರೀಸ್ ಹೊಡಿಯಾಕ ಅಡ್ಡಿ, ರಾಡು ಹಚ್ಚಾಕ ಅಡ್ಡಿ ಅಂತ ಎರಡನ್ನೂ ಕೊಯ್ದು ಒಗಿತಾರ. ಒಬ್ಬರ ಹಿತ್ತಲದಾಗ ಆ ತಗಡು ಬೋರಲ ಹಾಕಿ ಕೋಳಿಮರಿ ಮುಚ್ಚಿದ್ದು ನೋಡೀನಿ. ಕೋಳಿಗೆ ಸಿಕ್ಕ ಮುಚ್ಚಳ ನಮಗ ಸಿಗಲಿಲ್ಲ!

ಆ ರಾಡು ಮಿನಿಟಿಗೆ 540 ಸುತ್ತು ತಿರಗತೈತಿ. ಸೆಕೆಂಡಿಗೆ 9. ನೀವು "ಅಯ್ಯ" ಅನ್ನೋದ್ರಾಗ ಸೆರಗು ಒಂಬತ್ತು ಸುತ್ತು ಸುತ್ತಿರತೈತಿ, ಸೆರಗಿನ ಹಿಂದ ಕೈ. ಅದರ ಹಂತೇಕ ಇರೋರು ಯಾರು? ಗಂಡಸು ಪ್ಯಾಂಟು ಹಾಕ್ಕೊಂಡು ಸೀಟಿನ ಮ್ಯಾಲೆ. ಕಡ್ಲಿ ಗಿಡ ಹೊತ್ತು ತರೋರು, ಹೊಟ್ಟು ಎಳಿಯೋರು, ರಾಡು ದಾಟಿ ಕುಡಿಯೋ ನೀರು ಒಯ್ಯೋರು ನಾವು. ಸೀರಿ ನಮ್ಮದು, ಹೆರಳು ನಮ್ಮದು. ಇಂಥ ಯಂತ್ರಕ್ಕ ಸಿಕ್ಕು ಕೈ ಕಳಕೊಳ್ಳೋರು ಭಾಳ ಆದ್ರಂತನ 1983ರಾಗ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಕಾಯ್ದೆ ದಿಲ್ಲಿಯಿಂದ ನಮ್ಮ ಕಣಕ್ಕ ಬಂದು ರಾಡಿಗೆ ಮುಚ್ಚಳ ಹಾಕಂಗಿಲ್ಲ.

"ಇಷ್ಟು ವರ್ಷ ಹಂಗ ಮಾಡೇವಿ, ಏನಾಗೈತಿ?" ಅಂತಾರ. ಏನೂ ಆಗಿಲ್ಲಂದ್ರ ನಾವು ಸೆರಗು ಬಿಗಿ ಸಿಗಿಸಿಕೊಂಡು ಉಸಿರು ಹಿಡದು ದಾಟೇವಿ ಅಂತ ಅರ್ಥ. ಇಷ್ಟು ನಾಜೂಕಾಗಿ ಕಬ್ಬಣ ಕೊಯ್ಯೋ ಕೈಗೆ ಆ ಮುಚ್ಚಳಕ್ಕ ಎರಡು ಬಿಜಾಗರಿ ಹಚ್ಚಾಕ ಬರಂಗಿಲ್ಲೇನು? ಗ್ರೀಸ್ ಹೊಡಿಯೋವಾಗ ಬಂದ್ ಮಾಡಿ ಎತ್ತಬೇಕು, ಆಮ್ಯಾಲ ಮುಚ್ಚಬೇಕು. ಕೊಳವಿ ಒಡದಿದ್ರ ಅದಷ್ಟ ಬ್ಯಾರೆ ಕೊಳ್ಳಾಕ ಸಿಗತೈತಿ.

ಇನ್ನೆರಡು ಮಾತು. ವೆಲ್ಡಿಂಗ್ ಬೆಳಕು ನೋಡ್ಕೋತ ಹುಡುಗ್ರು ನಿಂತಿರತಾವ. ಆವಾಗ ಏನೂ ಆಗಂಗಿಲ್ಲ, ರಾತ್ರಿ ಕಣ್ಣಾಗ ಉಸುಕು ಬಿದ್ದಂಗಾಗಿ ಅಳತಾವ. ಒಳಗ ಕರೀರಿ. ಮತ್ತ ಡೀಸೆಲ್ಲಿನ ಖಾಲಿ ಬ್ಯಾರಲ್ ಕೊಯ್ಯಾಕ ಮಾತ್ರ ಕೊಡಬ್ಯಾಡ್ರಿ. ಖಾಲಿ ಅಂದ್ರೂ ಒಳಗ ಹಬಿ ಇರತೈತಿ, ಕಿಡಿ ತಾಗಿದ್ರ ಸಿಡಿತೈತಿ. ಕಣಕಿ ಬಣಿವಿ ಹಂತೇಕ ಗ್ರೈಂಡರ್ ಹಚ್ಚಬಾರದಂತ ನಿಮಗ ಹೇಳೋದ ಬ್ಯಾಡ.

ಕಡ್ಲಿ ರಾಶಿ ಬಂತು. ನಮ್ಮ ಓಣ್ಯಾಗ ಮುಯ್ಯಾಳು ಹೋಗೋರು ಹತ್ತು-ಹನ್ನೆರಡು ಮಂದಿ ಇದ್ದೀವಿ. ಒಬ್ಬಾಕಿ ಹೇಳಿದ್ರ "ನಿಂದೇನು" ಅಂತಾರ, ಎಲ್ಲಾರೂ "ರಾಡಿಗೆ ಮುಚ್ಚಳ ಹಾಕ್ರಿ, ಬರತೀವಿ" ಅಂದ್ರ ಆಳು ಎಲ್ಲಿಂದ ತರತಾರ? ಅಮಾಸಿ ದಿನಾ ಹೆಂಗೂ ಕೆಲಸಾ ಬಂದ್ ಇರತೈತಿ. ಮಧ್ಯಾಹ್ನ ಊಟಾ ಮುಗಿಸಿಕೊಂಡು ನಮ್ಮ ಪಡಸಾಲಿಗೆ ಬರ್ರಿ, ಕುಂತು ಮಾತಾಡೋಣ. ಚಹಾ, ಚೂಡಾ ನಮ್ಮದು.