ಕೊನೆಗೌಡನ ಕೂಲಿ ಹೆಚ್ಚಾಯಿತಂತೆ!

ಅಡಿಕೆ ಕೊಯ್ಲು ಬಂತೆಂದರೆ ಮಲೆನಾಡಿನ ಮಂಡಿಯಲ್ಲೂ ಮದುವೆಮನೆಯಲ್ಲೂ ಒಂದೇ ಗೋಳು. ಕೊನೆಗೌಡ ಸಿಗುವುದಿಲ್ಲ, ಸಿಕ್ಕಿದರೆ ಕೇಳಿದಷ್ಟು ಕೊಡಬೇಕು, ಅವನಿಗೆ ಈಗ ಗರ್ವ ಬಂದಿದೆ. ಹೀಗೆ ಹೇಳುವವರ ಬಾಯಲ್ಲಿ ಅದೇ ಹೊತ್ತಿಗೆ ಅವನು ಇಳಿಸಿಕೊಟ್ಟ ಅಡಿಕೆಯೇ ಇರುತ್ತದೆ! ಕೂಲಿ ಹೆಚ್ಚಾಯಿತೆಂದು ಲೆಕ್ಕ ಹೇಳುವ ಈ ಮಹನೀಯರನ್ನು ನಾವು ಒಂದೇ ಮಾತು ಕೇಳುತ್ತೇವೆ: ಆ ಲೆಕ್ಕದಲ್ಲಿ ಅವನ ಬೆನ್ನುಮೂಳೆಗೆ ಎಷ್ಟು ಹಿಡಿದಿದ್ದೀರಿ?

ಗಿರಣಿಯಲ್ಲಿ ದುಡಿಯುವ ನಮ್ಮ ಓದುಗರಲ್ಲಿ ಅನೇಕರು ಈ ಕೆಲಸವನ್ನು ಹತ್ತಿರದಿಂದ ಕಂಡಿರಲಾರರು. ಅಡಿಕೆ ಮರ 50-60 ಅಡಿ ಎತ್ತರಕ್ಕೆ ಬೆಳೆಯುತ್ತದೆ. ಕಾಂಡದ ದಪ್ಪ ಒಂದು ಗೇಣಿಗೂ ಕಡಿಮೆ. ಹಿಡಿಯಲು ಕೊಂಬೆಯಿಲ್ಲ, ಗಾಳಿ ಬೀಸಿದರೆ ಮರವೇ ತೂಗುತ್ತದೆ. ಇದನ್ನು ಏರುವವನ ಸಾಮಗ್ರಿ ಏನು? ಎರಡೂ ಪಾದಕ್ಕೆ ಸಿಕ್ಕಿಸಿಕೊಳ್ಳುವ ಒಂದು ತಳೆ, ಮರದ ಮೇಲೆ ಕೂರಲು ಹಗ್ಗ ಕಟ್ಟಿದ ಒಂದು ಮಣೆ, ಸೊಂಟದಲ್ಲಿ ಕತ್ತಿ, ಕೊನೆ ಇಳಿಸಲು ಹಗ್ಗ. ಇಷ್ಟೇ. ಪ್ರತಿ ಮರಕ್ಕೂ ಇಳಿದು ಏರಿದರೆ ದಿನ ಸಾಲದು. ಆದ್ದರಿಂದ ತಾನಿರುವ ಮರವನ್ನು ತೂಗಿ ಬಾಗಿಸಿ, ಒಂಬತ್ತು ಅಡಿ ಆಚೆಯ ಮರವನ್ನು ಕೈಯಿಂದ ಹಿಡಿದು, ಆಕಾಶದಲ್ಲಿಯೇ ದಾಟುತ್ತಾನೆ. ಕಡಿದ ಕೊನೆಯನ್ನು ಹಗ್ಗದ ಮೇಲೆ ಜಾರಿಬಿಡುತ್ತಾನೆ. ಕೆಳಗೆ ಹಗ್ಗ ಹಿಡಿದವನು ಅದನ್ನು ಬರಮಾಡಿಕೊಳ್ಳುತ್ತಾನೆ. ಉದುರಿದ್ದನ್ನು ಹೆಂಗಸರು ಹೆಕ್ಕುತ್ತಾರೆ.

ಮೇಲಿನವನಿಗೂ ಕೆಳಗಿನವನಿಗೂ ದಿನವಿಡೀ ಮಾತು ನಿಲ್ಲುವುದಿಲ್ಲ. "ಭಾವಾ, ಬಾಯಿ ಮುಚ್ಚಿಕೊಂಡು ಮೇಲೆ ನೋಡು, ಅಡಿಕೆ ಒಳಗೆ ಬಿದ್ದೀತು!" ಎಂದು ಮೇಲಿನಿಂದ ಕೂಗು. "ಅಡಿಕೆ ಬೀಳಲಿ ಮಾರಾಯ, ನೀ ಬೀಳದಿದ್ದರೆ ಸಾಕು!" ಎಂದು ಕೆಳಗಿನಿಂದ ಉತ್ತರ. ತೋಟದ ಒಡೆಯರನ್ನೂ ಬಿಡುವುದಿಲ್ಲ: "ಒಡೇರೇ, ಈ ಮರ ನಿಮ್ಮ ಅಜ್ಜನ ಕಾಲದ್ದು, ಅವರೊಮ್ಮೆ ಹತ್ತಿ ನೋಡಿದ್ದರೋ?" ಎಲ್ಲರೂ ನಗುತ್ತಾರೆ. ದೂರದಿಂದ ಕೇಳಿದವರಿಗೆ ಇದು ಹುಡುಗಾಟ. ನಾವು ಅದನ್ನು ಹುಡುಗಾಟವೆನ್ನುವುದಿಲ್ಲ. ಕೆಳಗಿನವನ ಕಣ್ಣು ಮರದ ತುದಿಯಿಂದ ಕದಲದಂತೆ, ಮೇಲಿನವನ ಎದೆ ಅಳುಕದಂತೆ ಕಾಯುವ ಎಚ್ಚರ ಅದು. ಹಗ್ಗವೂ ಮಾತೂ ಬಿಟ್ಟರೆ ಅವನಿಗೆ ಬೇರೆ ರಕ್ಷಣೆ ಎಲ್ಲಿದೆ?

ಇನ್ನು ಕೆಲವರು ಇದನ್ನು ಬುದ್ಧಿ ಬೇಡದ ಕೆಲಸವೆನ್ನುತ್ತಾರೆ. ಕೊನೆಗಳೆಲ್ಲ ಒಟ್ಟಿಗೆ ಬಲಿಯುವುದಿಲ್ಲ; ಒಂದೇ ತೋಟಕ್ಕೆ ಮೂರು ನಾಲ್ಕು ಸಲ ಕೊಯ್ಲು. ಬೇಯಿಸಿ ಕೆಂಪಡಿಕೆ ಮಾಡುವ ಕಡೆ ಹಸಿರಿರುವಾಗಲೇ, ಚಾಲಿ ಮಾಡುವ ಕಡೆ ಹಣ್ಣಾದ ಮೇಲೆ ಕೊನೆ ಇಳಿಯಬೇಕು. ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಎಂದು ತೂಗುವ ಮರದ ಮೇಲೆ ಕುಳಿತು ಆ ಕ್ಷಣದಲ್ಲಿ ತೀರ್ಮಾನಿಸುವವನು ಅವನು. ಶಿವಮೊಗ್ಗದ ಪೇಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ದರ ಕೂಗುವುದಕ್ಕೆ ಬಹಳ ಮೊದಲೇ ಮಾಲಿನ ಯೋಗ್ಯತೆಯ ಒಂದು ಪಾಲು ಮರದ ತುದಿಯಲ್ಲಿ ನಿಶ್ಚಯವಾಗಿರುತ್ತದೆ.

ಮಳೆಗಾಲದ ಕತೆ ಬೇರೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಕುರಿತು 1910ರಲ್ಲಿ ಬರೆದ ಮೇಲೆ ಬೋರ್ಡೋ ದ್ರಾವಣ ತೋಟಗಳಿಗೆ ಬಂತು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ವಿಜ್ಞಾನಿಗೆ ಕೀರ್ತಿ ಬಂತು, ಬೆಳೆಗಾರನ ಫಸಲು ಉಳಿಯಿತು. ಎರಡಕ್ಕೂ ನಮ್ಮ ಆಕ್ಷೇಪವಿಲ್ಲ. ಆದರೆ ಆ ಔಷಧಿಯನ್ನು ಕೊನೆಯವರೆಗೆ ಒಯ್ದವರು ಯಾರು? ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನ ಕಳೆದು ಮತ್ತೊಮ್ಮೆ, ಪಾಚಿಗಟ್ಟಿ ಜಾರುವ ಮರವನ್ನು ಮಳೆಯ ಬಿಡುವಿನಲ್ಲಿ ಏರಿದವನು ಅದೇ ಕೊನೆಗೌಡ.

ಅವನು ಜಾರಿ ಬಿದ್ದ ದಿನ ಏನಾಗುತ್ತದೆ? "ಪಾಪ, ಅವನ ಹಣೆಬರಹ" ಎನ್ನುತ್ತಾರೆ. ಒಳ್ಳೆಯ ಒಡೆಯರಾದರೆ ಆಸ್ಪತ್ರೆಗೆ ಸಾಗಿಸಿ ಕೈಗೆ ಒಂದಿಷ್ಟು ಕೊಡುತ್ತಾರೆ. ಆಮೇಲೆ? ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮನುಷ್ಯ ಹಾಸಿಗೆಯಲ್ಲಿ, ಅವನ ಹೆಂಡತಿ ಕೂಲಿಗೆ, ಮಗ ಶಾಲೆ ಬಿಟ್ಟು ಪೇಟೆಗೆ. ಈ ಮಗನನ್ನು ಕುರಿತೇ ನಮ್ಮ ದೊಡ್ಡವರು "ಈಗಿನ ಹುಡುಗರಿಗೆ ಮೈಗಳ್ಳತನ, ಮರ ಏರುವವರೇ ಇಲ್ಲ" ಎಂದು ಭಾಷಣ ಬಿಗಿಯುವುದು! ಅಪ್ಪ ಬಿದ್ದ ಮರವನ್ನು ಮಗ ಏರಲೊಲ್ಲೆನೆಂದರೆ ಅದು ಮೈಗಳ್ಳತನವೋ, ಬುದ್ಧಿಯೋ?

ಗಿರಣಿ ಕಾರ್ಮಿಕರೇ, ನಿಮ್ಮ ಕೈ ಯಂತ್ರಕ್ಕೆ ಸಿಕ್ಕಿದರೆ ಅದನ್ನು ಹಣೆಬರಹವೆಂದು ಇಂದು ಯಾವ ಮಾಲೀಕನೂ ತಳ್ಳಿಹಾಕಲಾರ. 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದೇ 1923ರಲ್ಲಿ ಶಿರಸಿಯ ತೋಟಗಾರರು ತಮ್ಮ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಬೆಳೆಗಾರ ಒಗ್ಗಟ್ಟಾದ, ದಲ್ಲಾಳಿಯ ಹಿಡಿತ ಸಡಿಲವಾಯಿತು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರ ಎದ್ದು ನಿಂತ. 1974ರ ಭೂಸುಧಾರಣೆಯಿಂದ ಉಳುವವನಿಗೆ ಹೊಲ ಸಿಕ್ಕಿತು. ಮರ ಏರುವವನಿಗೆ ಏನು ಸಿಕ್ಕಿತು?

ಕಾಯ್ದೆಯಿದೆಯಲ್ಲ, ಕೋರ್ಟಿಗೆ ಹೋಗಲಿ ಎನ್ನುವವರಿದ್ದಾರೆ. ಹೋಗಿ ಯಾರನ್ನು ಮಾಲೀಕನೆಂದು ತೋರಿಸಬೇಕು? ಇಂದು ಒಂದು ತೋಟ, ನಾಳೆ ಇನ್ನೊಂದು. ಫಸಲನ್ನು ಮರದ ಮೇಲೆಯೇ ಚೇಣಿಗೆ ಕೊಟ್ಟಿದ್ದರೆ ತೋಟದವರು ಚೇಣಿದಾರನನ್ನು ತೋರಿಸುತ್ತಾರೆ, ಚೇಣಿದಾರ ತೋಟದವರನ್ನು. ಇನ್ನೊಂದು ಮಾತನ್ನೂ ನಾವು ಮರೆಮಾಚುವುದಿಲ್ಲ: ಒಂದೆಕರೆ ತೋಟದ ಬಡ ಬೆಳೆಗಾರನಿಗೆ ಇಂಥ ಒಂದು ಅಪಘಾತದ ಪರಿಹಾರ ಕೊಡಬೇಕಾಗಿ ಬಂದರೆ ಅವನ ಮನೆಯೇ ಮುಳುಗುತ್ತದೆ. ಬಡವನಿಗೂ ಬಡವನಿಗೂ ಜಗಳ ಹಚ್ಚುವುದು ನಮ್ಮ ಕೆಲಸವಲ್ಲ. ಹಾಗಾದರೆ ದಾರಿ ಒಂದೇ. ಭಾರವನ್ನು ಇಡೀ ವ್ಯಾಪಾರ ಹೊರಬೇಕು.

ಇದು ಹೊಸ ಮಾತೇನಲ್ಲ. ಕೇರಳ 1969ರಲ್ಲೇ ಕಳ್ಳು ಇಳಿಸುವವರಿಗೂ ಸೇರುವಂತೆ ಕಳ್ಳು ಕಾರ್ಮಿಕರ ಕ್ಷೇಮನಿಧಿ ಕಾಯ್ದೆ ಮಾಡಿತು. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆ ಕಟ್ಟಡದ ವೆಚ್ಚದ ಮೇಲೆಯೇ ಸೆಸ್ ಹಾಕಿತು. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿ ವಿಮೆ ಮಾಡಿಸುತ್ತದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಿನಲ್ಲಿ ಅಡಿಕೆಗೆ ಮಾತ್ರ ಇದೇಕೆ ಆಗದು? ಅಲ್ಲಲ್ಲಿ ಕೆಲವು ಸಹಕಾರಿ ಸಂಘಗಳು ಕೊನೆಗೌಡರ ವಿಮೆಯ ಕಂತು ಕಟ್ಟುತ್ತವೆ, ಮೆಚ್ಚತಕ್ಕದ್ದೇ. ಆದರೆ ದಯೆ ಬೇರೆ, ಹಕ್ಕು ಬೇರೆ.

ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಇನ್ನು ಕೊನೆಗೌಡನೇ ಬೇಡ ಎನ್ನುವವರೂ ಹುಟ್ಟಿಕೊಂಡಿದ್ದಾರೆ. ಮನುಷ್ಯನನ್ನು ಮರದಿಂದ ಇಳಿಸುವ ಸಾಧನ ಬರಲಿ, ನಮಗೆ ಸಂತೋಷವೇ. ಆದರೆ ಕಾರ್ಬನ್ ಫೈಬರಿನಲ್ಲಿಯೂ ವಿದ್ಯುತ್ತು ಹರಿಯುತ್ತದೆ. ತೋಟದ ಮೇಲಿನ ತಂತಿಗೆ ತಗುಲಿದರೆ ಸಾಯುವವನು ದೋಟಿ ಹಿಡಿದವನೇ. ಸಾಧನ ಬದಲಾಯಿತು, ಸಾವಿನ ಪಾಲುದಾರ ಬದಲಾಗಲಿಲ್ಲ.

ನಮ್ಮ ಬೇಡಿಕೆ ಸ್ಪಷ್ಟ. ಒಂದು, ಮರ ಏರುವ, ದೋಟಿ ಹಿಡಿಯುವ, ಹಗ್ಗ ಹಿಡಿಯುವ ಪ್ರತಿಯೊಬ್ಬರ ಹೆಸರೂ ಪಂಚಾಯಿತಿಯಲ್ಲಿ ದಾಖಲಾಗಲಿ. ಎರಡು, ಮಾರುಕಟ್ಟೆಗೆ ಬರುವ ಪ್ರತಿ ಕ್ವಿಂಟಾಲ್ ಅಡಿಕೆಯ ಮೇಲೆ ಒಂದು ಸಣ್ಣ ಸೆಸ್ ವಸೂಲಾಗಿ ಕ್ಷೇಮನಿಧಿ ಸೇರಲಿ. ಮೂರು, ಬಿದ್ದವನ ಚಿಕಿತ್ಸೆ, ಬದುಕಿರುವಷ್ಟು ಕಾಲ ಪಿಂಚಣಿ, ಸತ್ತವನ ಮಕ್ಕಳ ಓದು ಆ ನಿಧಿಯಿಂದ ನಡೆಯಲಿ.

ಬೀಡಾ ಅಂಗಡಿಯ, ಕಿರಾಣಿ ಅಂಗಡಿಯ ಗೆಳೆಯರೇ, ಆ ಸೆಸ್ಸಿನ ಒಂದೆರಡು ಕಾಸು ನಿಮ್ಮ ತಕ್ಕಡಿಗೂ ಬರಬಹುದು. ಬರಲಿ. ಇಷ್ಟು ದಿನ ಆ ಕಾಸನ್ನು ಒಬ್ಬ ಮನುಷ್ಯ ತನ್ನ ಬೆನ್ನುಮೂಳೆಯಿಂದ ತೆರುತ್ತಿದ್ದ. ಕಾರ್ಮಿಕ ಮಿತ್ರರೇ, ಮುಂದಿನ ಸಲ ನಿಮ್ಮ ಸಂಘದ ಸಭೆ ಸೇರಿದಾಗ ಈ ಮೂರು ಬೇಡಿಕೆಗಳನ್ನು ನಿರ್ಣಯವಾಗಿ ಬರೆದು ಜಿಲ್ಲಾಧಿಕಾರಿಗೂ ಮಾರುಕಟ್ಟೆ ಸಮಿತಿಗೂ ಕಳಿಸಿ. ನಿಮ್ಮ ಸಂಘದಲ್ಲಿ ಸಾವಿರ ಜನ ಒಂದೇ ಗೇಟಿನಲ್ಲಿ ಸೇರುತ್ತೀರಿ. ಕೊನೆಗೌಡ ಒಬ್ಬನೇ ಒಂದು ಮರದ ಮೇಲಿದ್ದಾನೆ. ಕೆಳಗೆ ಹಗ್ಗ ಹಿಡಿಯುವವರು ನಾವಾಗೋಣ.