ಗಣಕಯಂತ್ರದ ವೇಗ ಮತ್ತು ಲೆಕ್ಕಪತ್ರಗಳ ರಕ್ಷಣೆ: ಆಂಟಿವೈರಸ್ ಆಯ್ಕೆಯಲ್ಲಿ ವ್ಯಾಪಾರಿ ಗಮನಿಸಬೇಕಾದ ಅಂಶಗಳು

ಪ್ರತಿ ತಿಂಗಳ 20ನೆಯ ತಾರೀಖು ಸಮೀಪಿಸುತ್ತಿದ್ದಂತೆ ನನ್ನ ಕಚೇರಿಗೆ ಬರುವ ದೂರವಾಣಿ ಕರೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಆಂಟಿವೈರಸ್ ಹಾಕಿಸಿದ ಮೇಲೆ ಕಂಪ್ಯೂಟರ್ ಬಹಳ ನಿಧಾನವಾಗಿದೆ ಸಾರ್, ಒಂದು ಬಿಲ್ಲು ಹೊರಬರಲು ಐದು ನಿಮಿಷ ಬೇಕು. ರಿಟರ್ನ್ ಮುಗಿಯುವ ತನಕ ಅದನ್ನು ತೆಗೆಸಿಬಿಡಲೇ?" ಎಂಬುದೇ ಆ ಮಾತು. ಅನೇಕ ವರ್ಷಗಳ ಕಾಲ ನಾನು ಇದಕ್ಕೆ ಕೊಡುತ್ತಿದ್ದ ಉತ್ತರ ಒಂದೇ: "ಹೇಗಾದರೂ ಮಾಡಿ, ತಾರೀಖು ಮಾತ್ರ ಮೀರದಿರಲಿ." ಆ ಉತ್ತರ ತಪ್ಪಾಗಿತ್ತೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಲೆಕ್ಕ ಪರಿಶೋಧನೆ ಮಾಡಿಸುವ ಕಬ್ಬಿಣದ ವ್ಯಾಪಾರಿಯೊಬ್ಬರು ನನ್ನಿಂದ ಇದೇ ಉತ್ತರ ಪಡೆದು ಆಂಟಿವೈರಸ್ಸನ್ನು ನಿಲ್ಲಿಸಿದರು. ರಿಟರ್ನ್ ಸಕಾಲದಲ್ಲಿ ಸಲ್ಲಿಕೆಯಾಯಿತು. ನಿಲ್ಲಿಸಿದ್ದನ್ನು ಮತ್ತೆ ಚಾಲೂ ಮಾಡಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಮುಂದಿನ ತಿಂಗಳ ಮೊದಲ ವಾರದಲ್ಲಿ ಲಾರಿ ಬಾಡಿಗೆಯ ಬಿಲ್ಲಿನ ರೂಪದಲ್ಲಿ ಬಂದ ಇ-ಮೇಲ್ ಲಗತ್ತನ್ನು ಗುಮಾಸ್ತರು ತೆರೆದರು. ಒಂದು ಗಂಟೆಯೊಳಗೆ ಎಲ್ಲ ಕಡತಗಳಿಗೂ ಬೀಗ ಬಿದ್ದು, ಬೀಗ ತೆಗೆಯಬೇಕಾದರೆ ಹಣ ಕೊಡಬೇಕೆಂಬ ಸೂಚನೆ ತೆರೆಯ ಮೇಲೆ ಮೂಡಿತು. ಬ್ಯಾಕಪ್ ಎಲ್ಲಿದೆಯೆಂದು ನೋಡಿದರೆ, ಅದನ್ನು ಇಟ್ಟಿದ್ದ ಡಿಸ್ಕ್ ಹಗಲಿರುಳೂ ಅದೇ ಯಂತ್ರಕ್ಕೆ ಜೋಡಿಸಿಕೊಂಡೇ ಇತ್ತು. ಅದಕ್ಕೂ ಬೀಗ ಬಿದ್ದಿತ್ತು.

ಅವರು ಹಣ ಕೊಡಲಿಲ್ಲ. ಮಾರಾಟದ ವಿವರ ಜಿ.ಎಸ್.ಟಿ. ಪೋರ್ಟಲ್‌ನ ಜಿ.ಎಸ್.ಟಿ.ಆರ್.-1ರಲ್ಲಿ ದೊರೆಯಿತು, ಖರೀದಿಯ ವಿವರ 2ಬಿಯಲ್ಲಿ ದೊರೆಯಿತು, ಬ್ಯಾಂಕಿನ ವ್ಯವಹಾರ ಬ್ಯಾಂಕಿನಿಂದಲೇ ಬಂದಿತು. ಆದರೆ ಯಾವ ಗಿರಾಕಿಯ ಉದ್ರಿ ಬಾಕಿ ಎಷ್ಟು, ಯಾರಿಗೆ ದರ ವ್ಯತ್ಯಾಸದ ಹಣ ಮುರಿದುಕೊಡುವ ಮಾತಾಗಿತ್ತು, ಗೋದಾಮಿನಲ್ಲಿ ಯಾವ ಅಳತೆಯ ಸರಕು ಎಷ್ಟಿತ್ತು ಎಂಬುದನ್ನು ಯಾವ ಪೋರ್ಟಲ್ಲೂ ಹೇಳಲಿಲ್ಲ. ಪ್ರಾಮಾಣಿಕರಾದ ಗಿರಾಕಿಗಳು ತಾವಾಗಿಯೇ ಬಾಕಿ ಹೇಳಿ ಕೊಟ್ಟರು. ಉಳಿದವರ ಬಾಕಿ ಉಳಿದೇ ಹೋಯಿತು.

ಇಲ್ಲಿ ಒಂದು ಸರಳ ಲೆಕ್ಕವಿದೆ. ಜಿ.ಎಸ್.ಟಿ.ಆರ್.-3ಬಿಯನ್ನು ಒಂದು ದಿನ ತಡವಾಗಿ ಸಲ್ಲಿಸಿದರೆ ತೆರಿಗೆ ಇರುವ ರಿಟರ್ನ್‌ಗೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ದರದಲ್ಲಿ ಆ ಒಂದು ದಿನದ ಬಡ್ಡಿ. ಇಷ್ಟನ್ನು ಉಳಿಸಲು ಹೋಗಿ ನಾವು ಪಣಕ್ಕೊಡ್ಡಿದ್ದು ಇಡೀ ಕಿರ್ದಿ ಖಾತೆಗಳನ್ನು.

ಹಾಗೆಂದು ನಿಧಾನವಾದ ಯಂತ್ರವನ್ನು ವ್ಯಾಪಾರಿ ಸಹಿಸಿಕೊಂಡೇ ಇರಬೇಕೆಂದು ನಾನು ಹೇಳುವುದಿಲ್ಲ. ಕೆಲಸಕ್ಕೆ ಅಡ್ಡಿ ಮಾಡುವ ರಕ್ಷಣೆಯನ್ನು ಯಾರಾದರೊಬ್ಬರು ಒಂದು ದಿನ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಆದ್ದರಿಂದ ಯಂತ್ರವನ್ನು ನಿಧಾನಗೊಳಿಸದ ಆಂಟಿವೈರಸ್ಸನ್ನು ಆರಿಸುವುದು ಸುರಕ್ಷತೆಯ ವಿಷಯವೇ ಆಗಿದೆ.

ನಿಧಾನಕ್ಕೆ ಕಾರಣವೇನು?

ಯಾವುದೇ ಕಡತ ತೆರೆದಾಗ, ನಕಲಾದಾಗ ಅಥವಾ ಬದಲಾದಾಗ ಆಂಟಿವೈರಸ್ ನಡುವೆ ನಿಂತು ಅದನ್ನು ಪರೀಕ್ಷಿಸುತ್ತದೆ. ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶವು ಒಂದು ಸಂಸ್ಥೆಯ ಮಾಹಿತಿಯನ್ನು ಹಲವು ಕಡತಗಳಲ್ಲಿ ಇಟ್ಟು ಅವುಗಳಿಗೆ ಸತತವಾಗಿ ಬರೆಯುತ್ತಿರುತ್ತದೆ. ಇದರಿಂದ ಸ್ವಲ್ಪ ವಿಳಂಬವಾಗುವುದು ಸಹಜ. ಆದರೆ ಐದು ನಿಮಿಷದ ವಿಳಂಬಕ್ಕೆ ಸಾಮಾನ್ಯವಾಗಿ ಬೇರೆ ಕಾರಣವೂ ಜೊತೆಗೂಡಿರುತ್ತದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರ ನಿಧಾನವಾಗಿರುವ ಹೊತ್ತಿನಲ್ಲೇ ಅದರ ಸಿಪಿಯು, ಮೆಮೊರಿ ಮತ್ತು ಡಿಸ್ಕ್ ಅಂಕಣಗಳನ್ನು ನೋಡಬೇಕು. ಮೆಮೊರಿ ಸದಾ ತುಂಬಿದ್ದರೆ ರ‍್ಯಾಮ್ ಸಾಲದು. ಡಿಸ್ಕ್ ಶೇ. 100ರಲ್ಲಿ ನಿಂತಿದ್ದು, ಯಂತ್ರದಲ್ಲಿರುವುದು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ, ಅದರ ಬದಲು ಎಸ್.ಎಸ್.ಡಿ. ಹಾಕಿಸುವುದೇ ಮೊದಲ ಪರಿಹಾರ. ನಾನು ಕಂಡಂತೆ, ಆಂಟಿವೈರಸ್ ಮೇಲೆ ಹೊರಿಸಿದ ದೂರುಗಳಲ್ಲಿ ಹಲವು ಇಲ್ಲಿಗೇ ಮುಗಿಯುತ್ತವೆ.

ಇನ್ನೊಂದು ಕಾರಣ, ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್ ಇರುವುದು. ಹೊಸ ಯಂತ್ರದೊಡನೆ ಬಂದ ಪರೀಕ್ಷಾರ್ಥ ಆವೃತ್ತಿಯನ್ನು ತೆಗೆಯದೆ, ಮಾರಾಟಗಾರರು ಇನ್ನೊಂದನ್ನು ಹಾಕಿ ಹೋಗಿರುತ್ತಾರೆ. ಒಂದು ತೆರೆದ ಕಡತವನ್ನು ಇನ್ನೊಂದು ಪರೀಕ್ಷಿಸುತ್ತದೆ. ಒಂದು ಮಳಿಗೆಗೆ ಪರಸ್ಪರ ನಂಬದ ಇಬ್ಬರು ಕಾವಲುಗಾರರನ್ನು ನೇಮಿಸಿದಂತೆ ಇದು. ಇರಬೇಕಾದದ್ದು ಒಂದೇ.

ಆಯ್ಕೆ ಹೇಗೆ?

ಮೊದಲನೆಯದಾಗಿ, ಈಗಾಗಲೇ ಕೈಯಲ್ಲಿರುವುದನ್ನು ಪರಿಗಣಿಸಬೇಕು. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಸೇರಿಕೊಂಡೇ ಬರುತ್ತದೆ. ಅದಕ್ಕೆ ಪ್ರತ್ಯೇಕ ಹಣವಿಲ್ಲ. ಬೇರೆ ಆಂಟಿವೈರಸ್ ಹಾಕಿದಾಗ ಸಾಮಾನ್ಯವಾಗಿ ತಾನಾಗಿಯೇ ಬದಿಗೆ ಸರಿಯುತ್ತದೆ. ಒಂದೆರಡು ಯಂತ್ರಗಳ ಅಂಗಡಿಗೆ ನಿಯಮಿತ ಅಪ್‌ಡೇಟ್ ಮತ್ತು ಬ್ಯಾಕಪ್ ಇದ್ದಲ್ಲಿ ಇಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ. ಐದಾರು ಯಂತ್ರಗಳು ಒಂದು ಸರ್ವರ್‌ಗೆ ಜೋಡಿಸಿರುವ ಕಾರ್ಖಾನೆಗಳಲ್ಲಿ ಮಾತ್ರ ಎಲ್ಲ ಯಂತ್ರಗಳ ಸ್ಥಿತಿಯನ್ನು ಒಂದೇ ಕಡೆ ಕಾಣಿಸುವ ವ್ಯಾವಹಾರಿಕ ಆವೃತ್ತಿಗೆ ಹಣ ವ್ಯಯಿಸುವುದು ಯುಕ್ತ. ಯಾವ ಯಂತ್ರದಲ್ಲಿ ಯಾರು ರಕ್ಷಣೆ ನಿಲ್ಲಿಸಿದ್ದಾರೆಂಬುದು ಮಾಲೀಕರಿಗೆ ತಿಳಿಯುವುದು ಅದರಿಂದಲೇ.

ಎರಡನೆಯದಾಗಿ, ಮಾರಾಟಗಾರರ ಮಾತಿಗಿಂತ ಸ್ವತಂತ್ರ ಪರೀಕ್ಷೆಗಳಿಗೆ ಬೆಲೆ ಕೊಡಬೇಕು. ಜರ್ಮನಿಯ ಮಾಗ್ಡೆಬುರ್ಗ್ ನಗರದ ಎವಿ-ಟೆಸ್ಟ್ ಸಂಸ್ಥೆಯು ರಕ್ಷಣೆ, ವೇಗದ ಮೇಲಿನ ಪರಿಣಾಮ ಮತ್ತು ಬಳಕೆಯ ಸೌಕರ್ಯ ಎಂಬ ಮೂರಕ್ಕೂ ತಲಾ 6 ಅಂಕ ಕೊಡುತ್ತದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದ ಎವಿ-ಕಂಪ್ಯಾರಟಿವ್ಸ್ ಸಂಸ್ಥೆಯು ಕಡತಗಳ ನಕಲು, ತಂತ್ರಾಂಶಗಳ ಸ್ಥಾಪನೆ, ಅವು ತೆರೆಯಲು ತಗಲುವ ಸಮಯ ಮುಂತಾದವುಗಳನ್ನು ಅಳೆದು ವೇಗದ ವರದಿಯನ್ನೇ ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ಎರಡೂ ವರದಿಗಳು ಅಂತರಜಾಲದಲ್ಲಿ ಉಚಿತವಾಗಿ ಲಭ್ಯ. ವೇಗದಲ್ಲಿ ಉತ್ತಮವೆನಿಸಿದರೂ ರಕ್ಷಣೆಯಲ್ಲಿ ಹಿಂದೆ ಬಿದ್ದುದನ್ನು ಕೈಬಿಡಬೇಕು.

ಮೂರನೆಯದಾಗಿ, ತಮ್ಮದೇ ಯಂತ್ರದಲ್ಲಿ, ತಮ್ಮದೇ ಲೆಕ್ಕದ ಮೇಲೆ ಪರೀಕ್ಷಿಸಬೇಕು. ಅನೇಕ ಕಂಪೆನಿಗಳು ಪರೀಕ್ಷಾರ್ಥ ಅವಧಿ ಕೊಡುತ್ತವೆ. ಗಡಿಯಾರ ಹಿಡಿದು ನಾಲ್ಕು ಕೆಲಸಗಳ ಸಮಯವನ್ನು ಕಾಗದದ ಮೇಲೆ ಬರೆದುಕೊಳ್ಳಿ: ಯಂತ್ರ ಚಾಲೂ ಮಾಡಿದ್ದರಿಂದ ಕೆಲಸಕ್ಕೆ ಸಿದ್ಧವಾಗುವವರೆಗೆ, ಲೆಕ್ಕಪತ್ರ ತಂತ್ರಾಂಶದಲ್ಲಿ ಸಂಸ್ಥೆಯ ಖಾತೆ ತೆರೆಯಲು, ಒಂದು ಬಿಲ್ಲು ಮುದ್ರಿಸಲು, ಮತ್ತು ಬ್ಯಾಕಪ್ ತೆಗೆಯಲು. ಒಂದೊಂದನ್ನೂ ಮೂರು ಬಾರಿ ಅಳೆಯಬೇಕು. ಹೊಸ ಆಂಟಿವೈರಸ್ ಹಾಕಿದ ದಿನ ಅಳೆಯುವುದು ಬೇಡ. ಅದು ಮೊದಲ ಪೂರ್ಣ ತಪಾಸಣೆ ಮುಗಿಸಿದ ಮೇಲೆ ಅಳೆದರೆ ನ್ಯಾಯವಾದ ಹೋಲಿಕೆಯಾಗುತ್ತದೆ. ಸರಕು ಖರೀದಿಸುವಾಗ ತೂಕ ನೋಡುವ ನಾವು ತಂತ್ರಾಂಶವನ್ನು ಮಾತ್ರ ತೂಗದೆ ಕೊಳ್ಳುವುದೇಕೆ?

ನಾಲ್ಕನೆಯದಾಗಿ, ಬೇಡದ ಭಾರ ಹೊರಬಾರದು. ಯಂತ್ರವನ್ನು ಚುರುಕುಗೊಳಿಸುವ ಸಾಧನ, ಮಕ್ಕಳ ಬಳಕೆಯ ನಿಯಂತ್ರಣ, ವಿ.ಪಿ.ಎನ್. ಇವೆಲ್ಲ ಸೇರಿದ ದುಬಾರಿ ಆವೃತ್ತಿಯ ಬದಲು ಬರಿಯ ಆಂಟಿವೈರಸ್ ಇರುವ ಆವೃತ್ತಿ ಸಾಮಾನ್ಯವಾಗಿ ಹಗುರವಾಗಿರುತ್ತದೆ.

ಐದನೆಯದಾಗಿ, ಉಚಿತವೆಂಬುದರ ಷರತ್ತುಗಳನ್ನು ಓದಬೇಕು. ಹಲವು ಉಚಿತ ಆಂಟಿವೈರಸ್‌ಗಳಿಗೆ ಗೃಹಬಳಕೆಗೆ ಮಾತ್ರ ಪರವಾನಗಿ ಇರುತ್ತದೆ. ಇದಲ್ಲದೆ, 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸಂಸ್ಥೆಯು, ಬಳಕೆದಾರರ ಅಂತರಜಾಲ ವೀಕ್ಷಣೆಯ ಮಾಹಿತಿಯನ್ನು ಮಾರಿದ ಆರೋಪದ ಮೇಲೆ ಅವಾಸ್ಟ್ ಕಂಪೆನಿಯು 1.65 ಕೋಟಿ ಡಾಲರ್ ಪಾವತಿಸಬೇಕೆಂದು ಪ್ರಕಟಿಸಿತು. ಇನ್ನು ಕದ್ದ ಕೀಲಿಯಿಂದ ತೆರೆದ ಆಂಟಿವೈರಸ್ಸಂತೂ ಸರ್ವಥಾ ಸಲ್ಲದು. ಕಳ್ಳನಿಂದಲೇ ಬೀಗ ಕೊಂಡಂತಾಗುತ್ತದೆ. ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ನಮೂದಿಸಿದ ಬಿಲ್ಲು ಪಡೆದರೆ, ಸಾಮಾನ್ಯ ಯೋಜನೆಯಲ್ಲಿರುವ ವ್ಯಾಪಾರಿಗೆ ಶೇ. 18ರ ತೆರಿಗೆ ಹೂಡುವಳಿ ತೆರಿಗೆ ಜಮೆಯಾಗಿ ದೊರೆಯುತ್ತದೆ ಎಂಬುದನ್ನೂ ಮರೆಯಬಾರದು.

ಹಾಕಿದ ಮೇಲೆ ಮಾಡಬೇಕಾದದ್ದು

ಪೂರ್ಣ ತಪಾಸಣೆಯ ವೇಳೆಯನ್ನು ಮಧ್ಯಾಹ್ನದ ಊಟದ ಬಿಡುವಿಗೆ ನಿಗದಿ ಮಾಡಬೇಕು. ರಾತ್ರಿಗೆ ನಿಗದಿ ಮಾಡಿ ಯಂತ್ರವನ್ನು ಆರಿಸಿ ಹೋದರೆ, ಬಾಕಿ ಉಳಿದ ತಪಾಸಣೆ ಮರುದಿನ ಗಿರಾಕಿಗಳ ನಡುವೆ ಶುರುವಾಗಬಹುದು. ಲೆಕ್ಕಪತ್ರದ ಮಾಹಿತಿ ಇರುವ ಫೋಲ್ಡರನ್ನು ತಪಾಸಣೆಯಿಂದ ಹೊರಗಿಟ್ಟರೆ ವೇಗ ಹೆಚ್ಚುವುದುಂಟು. ಅನಿವಾರ್ಯವಾದಾಗ ಆ ಒಂದು ಫೋಲ್ಡರಿಗೆ ಮಾತ್ರ ಈ ವಿನಾಯಿತಿ ಕೊಡಬೇಕು. ಡೌನ್‌ಲೋಡ್ ಫೋಲ್ಡರ್, ಪೆನ್ ಡ್ರೈವ್ ಅಥವಾ ಇಡೀ ಸಿ ಡ್ರೈವ್‌ಗೆ ಕೊಡುವುದೆಂದರೆ ಬಾಗಿಲನ್ನೇ ಕಿತ್ತಿಟ್ಟಂತೆ.

ವಿಂಡೋಸ್ ಅಪ್‌ಡೇಟ್ ನಿಲ್ಲಿಸಬಾರದು. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಂಗೆಡಿಸಿದ ವಾನಾಕ್ರೈ ಹಾವಳಿಯು ಯಾರೂ ಏನನ್ನೂ ತೆರೆಯದಿದ್ದರೂ ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಆ ವರ್ಷದ ಮಾರ್ಚ್‌ನಲ್ಲಿ, ಪರಿಹಾರ ಬಿಡುಗಡೆ ಮಾಡಿತ್ತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದರಿಂದ, ಇನ್ನೂ ಅದನ್ನೇ ಬಳಸುತ್ತಿರುವ ಮಿತ್ರರು ಬದಲಾವಣೆಗೆ ಹಣ ತೆಗೆದಿರಿಸುವುದು ಒಳಿತು.

ಎಷ್ಟೇ ಒಳ್ಳೆಯ ಆಂಟಿವೈರಸ್ ಆದರೂ ಬ್ಯಾಕಪ್‌ಗೆ ಪರ್ಯಾಯವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿಯ ದೋಷಪೂರಿತ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ಕಾವಲುಗಾರನೂ ಎಡವಬಹುದು. ಆದುದರಿಂದ ಪ್ರತಿದಿನ ಬ್ಯಾಕಪ್ ತೆಗೆದು, ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ ಬೀರುವಿನಲ್ಲಿಡಬೇಕು; ಇನ್ನೊಂದು ಪ್ರತಿ ಮಳಿಗೆಯ ಹೊರಗಿರಬೇಕು; ತಿಂಗಳಿಗೊಮ್ಮೆಯಾದರೂ ಆ ಪ್ರತಿಯನ್ನು ತೆರೆದು ನೋಡಬೇಕು.

ಇದು ಕೇವಲ ನನ್ನ ಸಲಹೆಯಲ್ಲ. ಕೇಂದ್ರ ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮು ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕಡೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆನ್ನುತ್ತದೆ. ನಿಯಮಗಳ 57ನೆಯ ನಿಯಮವು, ಅಪಘಾತದಿಂದ ದಾಖಲೆಗಳು ನಾಶವಾದರೂ ಯುಕ್ತ ಕಾಲದೊಳಗೆ ಮರಳಿ ಪಡೆಯುವಂತೆ ವಿದ್ಯುನ್ಮಾನ ಬ್ಯಾಕಪ್ ಇಡಬೇಕೆಂದು ಸ್ಪಷ್ಟವಾಗಿ ವಿಧಿಸಿದೆ. ಅಧಿಕಾರಿಗಳ ಮುಂದೆ "ವೈರಸ್ ಬಂದು ಹೋಯಿತು" ಎಂಬ ಉತ್ತರ ನಿಲ್ಲಲಾರದು.

ದೀಪಾವಳಿಯ ಲಕ್ಷ್ಮೀಪೂಜೆಯಂದು ನಮ್ಮ ಹಿರಿಯರು ಕಿರ್ದಿ ಖಾತೆ ಪುಸ್ತಕಗಳಿಗೆ ಅರಿಶಿನ ಕುಂಕುಮ ಏರಿಸುತ್ತಿದ್ದರು. ಈಗ ಅನೇಕ ಅಂಗಡಿಗಳಲ್ಲಿ ಆ ಸ್ಥಾನದಲ್ಲಿ ಗಣಕಯಂತ್ರ ಕುಳಿತಿದೆ. ಪುಸ್ತಕಕ್ಕೆ ಗೆದ್ದಲು ಹಿಡಿಯದಂತೆ ವರ್ಷವಿಡೀ ನೋಡಿಕೊಳ್ಳುತ್ತಿದ್ದ ಎಚ್ಚರ ಯಂತ್ರಕ್ಕೂ ಸಲ್ಲಬೇಕು. ನಮ್ಮ ಸಂಸ್ಥೆಯು ಸದಸ್ಯರಿಗಾಗಿ ಈ ವಿಷಯದಲ್ಲಿ ಅರ್ಧ ದಿನದ ಶಿಬಿರವೊಂದನ್ನು ಏರ್ಪಡಿಸಿ, ಗುಮಾಸ್ತರನ್ನೂ ಆಹ್ವಾನಿಸಿದಲ್ಲಿ ಬಹಳ ಉಪಕಾರವಾದೀತು. ಯಂತ್ರದ ಮುಂದೆ ಕುಳಿತಿರುವವರು ಅವರೇ ಅಲ್ಲವೇ?

ಮುಂದಿನ 20ನೆಯ ತಾರೀಖಿನ ಹೊತ್ತಿಗೆ ಯಾರಾದರೂ ಮತ್ತೆ "ತೆಗೆಸಿಬಿಡಲೇ?" ಎಂದು ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ: "ಬೇಡ. ರಿಟರ್ನ್ ಒಂದು ದಿನ ತಡವಾದರೆ ಆಗಲಿ, ಐವತ್ತು ರೂಪಾಯಿ ಕಟ್ಟೋಣ."