ಮುನ್ನಡೆಯೇ ಗೆಲುವಾಗಬಹುದೇ?

ಆಟ ಮುಗಿದ ಮೇಲೂ ಗೆದ್ದವರು ಯಾರೆಂಬ ವಾದ ಮುಗಿಯದಿದ್ದರೆ, ಕೊರತೆಯಿರುವುದು ಆಟಗಾರರಲ್ಲಲ್ಲ, ಕಟ್ಟಳೆಯಲ್ಲಿ ಎಂದು ತಿಳಿಯಬೇಕಾಗುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಊರುಗಳಿಂದ ಹಿಡಿದು ಮಲೆ ಮಹದೇಶ್ವರ ಬೆಟ್ಟದ ಆಚೆ ಗಡಿಯಲ್ಲಿರುವ ಪಾಲಾರ್‌ವರೆಗೂ ಕ್ರಿಕೆಟ್ಟಿನ ಮೋಹ ಹಬ್ಬಿದೆ. "ನಮ್ಮವರು ಸೋಲಲೇ ಇಲ್ಲವಲ್ಲ, ಕಪ್ಪು ಅವರಿಗೇಕೆ ಹೋಯಿತು?" ಎಂದು ಮಕ್ಕಳು ಕೇಳಿದರೆ ಹಿರಿಯರಾದ ನಾವು ಏನೆಂದು ಉತ್ತರಿಸೋಣ? ಈ ತಿಂಗಳು ಅದನ್ನೇ ವಿಚಾರ ಮಾಡೋಣ.

ರಣಜಿ ಟ್ರೋಫಿಯ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಒಂದು ರನ್ ಹೆಚ್ಚು ಗಳಿಸಿದವರಿಗೆ ಮೇಲುಗೈ. ಲೀಗ್ ಹಂತದಲ್ಲಿ ಇದರ ಬೆಲೆ ಮೂರು ಅಂಕ. ಪೂರ್ಣ ಗೆಲುವಿಗೆ ಆರು. ಆದರೆ ನಾಕೌಟ್ ಹಂತದಲ್ಲಿ ಆ ಮುನ್ನಡೆಯೇ ಸರ್ವಸ್ವ. ಅಲ್ಲಿ ಅರ್ಧ ಪಂದ್ಯವೇ ಇಡೀ ಪಂದ್ಯದ ತೀರ್ಪಾಗಿಬಿಡುತ್ತದೆ.

1981-82ರ ಅಂತಿಮ ಪಂದ್ಯವನ್ನು ಕನ್ನಡಿಗರು ಮರೆಯಲಾರರು. ದೆಹಲಿಯಲ್ಲಿ ಕರ್ನಾಟಕ ಗಳಿಸಿದ್ದು 705 ರನ್. ಅಷ್ಟು ಗಳಿಸಿದ ತಂಡ ಕಪ್ಪನ್ನು ಕಳೆದುಕೊಳ್ಳುವುದೆಂದು ಯಾರು ನೆನೆಸಿಯಾರು? ದೆಹಲಿ 589 ರನ್ನಿಗೆ ಎಂಟು ವಿಕೆಟ್ ಕಳೆದುಕೊಂಡಿತ್ತು. ಆಗ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಮುರಿಯದ ಜೊತೆಯಾಟದಲ್ಲಿ 118 ರನ್ ಸೇರಿಸಿ ಮೊತ್ತವನ್ನು 707ಕ್ಕೆ ಒಯ್ದರು. ಎರಡು ರನ್ನಿನ ಮುನ್ನಡೆ, ಅಷ್ಟಕ್ಕೇ ಚಾಂಪಿಯನ್ ಪಟ್ಟ!

ಇದು ಹಳೆಯ ಕಥೆಯೆನ್ನುವಂತಿಲ್ಲ. 2025ರಲ್ಲಿ ನೆರೆಯ ಕೇರಳ ಕ್ವಾರ್ಟರ್ ಫೈನಲ್ಲಿನಲ್ಲಿ ಜಮ್ಮು ಕಾಶ್ಮೀರದ ಮೇಲೆ ಒಂದು ರನ್, ಸೆಮಿಫೈನಲ್ಲಿನಲ್ಲಿ ಗುಜರಾತಿನ ಮೇಲೆ ಎರಡು ರನ್ ಮುನ್ನಡೆ ಪಡೆದು ಮೊದಲ ಬಾರಿಗೆ ಫೈನಲ್ ಸೇರಿತು. ಫೈನಲ್ಲಿನಲ್ಲಿ ಅದೇ ಅಸ್ತ್ರ ಅದಕ್ಕೇ ತಿರುಗಿತು. 37 ರನ್ನಿನ ಮುನ್ನಡೆಯಿಂದ ಕಪ್ಪು ವಿದರ್ಭದ ಪಾಲಾಯಿತು.

ಹಾಗಾದರೆ ನಿಯಮವೇ ಅನ್ಯಾಯವೇ? ಇನ್ನೊಂದು ಮುಖವನ್ನೂ ನೋಡಬೇಕು. 1999ರಲ್ಲಿ ಬೆಂಗಳೂರಿನ ಫೈನಲ್ಲಿನಲ್ಲಿ ಮಧ್ಯಪ್ರದೇಶ 75 ರನ್ ಮುನ್ನಡೆ ಪಡೆದಿತ್ತು. ಡ್ರಾ ಮಾಡಿಕೊಂಡರೆ ಸಾಕಿತ್ತು. ವಿಜಯ್ ಭಾರದ್ವಾಜ್ ಆರು ವಿಕೆಟ್ ಕಿತ್ತರು. ಕರ್ನಾಟಕ 96 ರನ್ನುಗಳಿಂದ ಗೆದ್ದಿತು. ಹಿಂದೆ ಬಿದ್ದವರು ಗೊಣಗದೆ ಆಡಿ ಗೆದ್ದರು. ಅಂದು ಸೋತ ನಾಯಕ ಚಂದ್ರಕಾಂತ ಪಂಡಿತ್ 2022ರಲ್ಲಿ ಅದೇ ಮೈದಾನದಲ್ಲಿ ತರಬೇತುದಾರರಾಗಿ ಮಧ್ಯಪ್ರದೇಶಕ್ಕೆ ಮೊದಲ ರಣಜಿ ಕಪ್ಪನ್ನು ಗೆಲ್ಲಿಸಿದರು.

ಇದಕ್ಕಿಂತ ಕಹಿಯಾದ ವ್ಯವಸ್ಥೆಯೂ ಲೋಕದಲ್ಲಿದೆ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಅಂತಿಮ ಸುತ್ತಿಗೆ ಯಾರು ಬರಬೇಕೆಂಬುದನ್ನು ಒಂದು ಸಮಿತಿ ನಿರ್ಣಯಿಸುತ್ತದೆ. 2023ರಲ್ಲಿ ಹದಿಮೂರಕ್ಕೆ ಹದಿಮೂರೂ ಪಂದ್ಯ ಗೆದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು ನಾಲ್ಕರ ಪಟ್ಟಿಯಿಂದ ಹೊರಗಿಟ್ಟಿತು. ಮರುವರ್ಷ ತಂಡಗಳ ಸಂಖ್ಯೆ ಹನ್ನೆರಡಾಯಿತು. 2019ರ ವಿಶ್ವಕಪ್ ಫೈನಲ್ಲಿನಲ್ಲಿ ಸೂಪರ್ ಓವರ್ ಸಹ ಸಮವಾದಾಗ ಬೌಂಡರಿಗಳನ್ನು ಎಣಿಸಿ ಇಂಗ್ಲೆಂಡಿಗೆ ಕಪ್ಪು ಕೊಟ್ಟರು. ಜನ ಒಪ್ಪಲಿಲ್ಲ, ಕೆಲವೇ ತಿಂಗಳಲ್ಲಿ ಆ ನಿಯಮವೇ ಹೋಯಿತು. ಅಭಿಮಾನಿಗಳ ಅಸಮಾಧಾನ ವ್ಯರ್ಥವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಅಭಿಪ್ರಾಯವಿಷ್ಟೆ. ಮೊದಲೇ ತಿಳಿದಿರುವ ನಿಯಮ ಕಠಿಣವಾದರೂ ಸಹ್ಯ. ಕೆಲವರ ಮನಸ್ಸಿಗೆ ತೋರಿದ್ದೇ ತೀರ್ಪಾಗುವುದು ಅಸಹ್ಯ. ಆದರೂ ಲೀಗಿನಲ್ಲಿ ಗೆಲುವಿನ ಅರ್ಧ ಬೆಲೆಯುಳ್ಳ ಮುನ್ನಡೆಗೆ ಫೈನಲ್ಲಿನಲ್ಲಿ ಪೂರ್ಣ ಬೆಲೆ ಕಟ್ಟುವುದು ಸರಿಯೆನಿಸದು. ಅಂತಿಮ ಪಂದ್ಯಕ್ಕೆ ಇನ್ನೊಂದು ದಿನ ಕೊಡಲಿ. ಆಗಲೂ ತೀರದಿದ್ದರೆ, 2002ರ ಚಾಂಪಿಯನ್ಸ್ ಟ್ರೋಫಿಯನ್ನು ಭಾರತ ಶ್ರೀಲಂಕಾಗಳು ಹಂಚಿಕೊಂಡಂತೆ, ಇಬ್ಬರೂ ಹಂಚಿಕೊಳ್ಳಲಿ.

ನಮ್ಮ ಊರುಗಳಲ್ಲಿ ಜಾತ್ರೆ, ಹಬ್ಬಗಳಿಗೆ ಕಬಡ್ಡಿ, ಕ್ರಿಕೆಟ್ ಪಂದ್ಯ ಏರ್ಪಡಿಸುವ ತರುಣರಿಗೆ ಒಂದು ಮಾತು: ಸಮವಾದರೆ ಏನು ಎಂಬುದನ್ನು ಆಟಕ್ಕೆ ಮುಂಚೆಯೇ ಬರೆದು ಎಲ್ಲರಿಗೂ ಓದಿ ಹೇಳಿರಿ. ಕಪ್ಪು ಒಬ್ಬರ ಮನೆಗೆ ಹೋಗುತ್ತದೆ. ನ್ಯಾಯವಾಯಿತೆಂಬ ಸಮಾಧಾನ ಎಲ್ಲರ ಮನೆಗೂ ಹೋಗಬೇಕು.